ಸೋದರಮಾವನ ಉಡುಗೊರೆಗೆ ಪಾಲಿಶ್

ಗೌರಿಬಿದನೂರು
೧೬-೧೧-೨೦೨೫, ಭಾನುವಾರ

ನನ್ನ ಯಜಮಾನರಿಗೆ, ಅಂದರೆ ಜಗನ್‌ನ ಸೋದರಮಾವನವರಿಗೆ, ವಿಶಾಲಾಕ್ಷಿ ಮಾಡುವ ನಮಸ್ಕಾರ.

ಆರೋಗ್ಯವಾಗಿದ್ದೀರಾ? ರಾಯಚೂರಿನ ಬಿಸಿಲಿಗೆ ಬಿ.ಪಿ. ಏರಿಸಿಕೊಳ್ಳಬೇಡಿ, ಮಾತ್ರೆ ನುಂಗಿ, ಕೂತುಕೊಂಡೇ ಇದನ್ನು ಓದಿ. ಫೋನಿನಲ್ಲಾದರೆ ಮಾತೆಲ್ಲ ನಿಮ್ಮದೇ, ನನ್ನದು ಬರೀ ಹೂಂಗುಟ್ಟುವ ಕೆಲಸ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕಲಾಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಕಾರು ಮಂಕಾಗಿದೆ, ಬಫರ್ ಮಿಷಿನ್ ತಂದು ನೀನೇ ಪಾಲಿಶ್ ಮಾಡು ಅಂದಿರಿ. ನನ್ನ ಕಾರಿನ ಮೇಲೆ ನಿಮಗೆ ಇಷ್ಟೊಂದು ಅಕ್ಕರೆಯೇ ಅಂತ ಹಿಗ್ಗಿ ಹೋದೆ, ಪೆದ್ದಿ! ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ನಿಂತಿದ್ದಾಗಲೂ ಜೋರಾಗಿ ತಿರುಗುವುದನ್ನೇ ತಗೋ ಎಂದು ಫೋನಿನಲ್ಲಿ ಗದರಿದಿರಿ. ಅಂಗಡಿಯ ಮೋಹನ್‌ಬಾಬು, "ಬ್ಯಾಡ ಕಣಕ್ಕ, ಅದು ಒಂದೇ ಕಡೆ ಗಿರ್ ಅಂತ ಸುತ್ತಿ, ಹೊಸಬ್ರ ಕೈಲಿ ಬಣ್ಣ ಸುಟ್ಟಾಕ್ತದೆ. ಸುತ್ತುತ್ತಾ ಅದುರೋ ಇದನ್ನ ತಗೊಳ್ಳಿ" ಎಂದರು. ಅದನ್ನೇ ತಂದೆ. ನಿಮ್ಮ ಮಾತು ಮೀರಿದೆನೆಂದು ಎರಡು ದಿನ ಮುನಿಸಿಕೊಂಡಿರಿ.

ನಮ್ಮೂರ ಧೂಳು ಗೊತ್ತಲ್ಲ, ಒಂದು ಕಣ ಉಳಿದರೂ ಮಿಷಿನ್ ಅದನ್ನೇ ಉಜ್ಜಿ ಗೀರು ಬೀಳಿಸುತ್ತದೆ. ಅದಕ್ಕೇ ನಿನ್ನೆ ಸ್ಕೂಲಿನಿಂದ ಬಂದವಳೇ ಕಾರು ತೊಳೆದು, ಒರೆಸಿ, ರಬ್ಬರ್ ಅಂಚಿಗೆಲ್ಲ ಟೇಪ್ ಅಂಟಿಸಿದೆ. ಪ್ಯಾಡಿಗೆ ಪಾಲಿಶ್ ಹಚ್ಚಿ, ಅದನ್ನು ಬಾನೆಟ್ಟಿನ ಮೇಲಿಟ್ಟ ನಂತರವೇ ಸ್ವಿಚ್ ಹಾಕಬೇಕು. ಮೊದಲೇ ಹಾಕಿ ಸೀರೆಗೆಲ್ಲ ಸಿಡಿಸಿಕೊಂಡೆ. ಆಮೇಲೆ ಹಗುರವಾಗಿ ಹಿಡಿದು, ಒಂದೇ ಕಡೆ ನಿಲ್ಲಿಸದೆ, ನಿಧಾನವಾಗಿ ಆಡಿಸಿದೆ. ಕೊನೆಗೆ ಮೆತ್ತನೆ ಪ್ಯಾಡಿನಲ್ಲಿ ತೆಳ್ಳಗೆ ವ್ಯಾಕ್ಸ್ ಹಚ್ಚಿ ಒರೆಸಿದೆ. ಎದುರು ಮನೆಯ ಮುನಿಗಂಗಮ್ಮ, "ಹೊಸದು ತಗೊಂಡ್ಯೇನಮ್ಮ?" ಅಂದರು. ರಟ್ಟೆ ಬಿದ್ದುಹೋಗಿದ್ದರೂ ಖುಷಿಯಾಗಿತ್ತು.

ಇವತ್ತು ಬೆಳಿಗ್ಗೆ ನಿಮ್ಮ ಅಕ್ಕನ ಮಗ ಜಗನ್ ಚಿಂತಾಮಣಿಯಿಂದ ಹೂವಿನ ಹಾರ ಹಿಡಿದು ಬಂದ. ತನ್ನ ಮದುವೆಗೆ ಕರೆಯಲು ಬಂದಿದ್ದಾನೆ ಅಂದುಕೊಂಡೆ. ಹಾರ ಕಾರಿಗಂತೆ! "ಭಲೇ ಮಿಂಚ್ತೈತೆ ಅತ್ತೆ! ಮದುವೆಗೆ ಮಾವ ಇದನ್ನೇ ಕೊಡ್ತೀನಿ ಅಂದವ್ರೆ. ಕೀ ಕೊಡಿ" ಅಂದ. ನನ್ನ ಸಂಬಳದಲ್ಲಿ ಕೊಂಡ ಕಾರು ಅದು. ಸ್ಕೂಲಿಗೆ ಮಂಚೇನಹಳ್ಳಿ ಬಸ್ಸಿನಲ್ಲಿ ನೇತಾಡಿ ನೇತಾಡಿ ಸಾಕಾಗಿ, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ತಗೊಂಡದ್ದು. ನನ್ನನ್ನು ಒಂದು ಮಾತು ಕೇಳಬಾರದಿತ್ತೇನ್ರೀ? ಸೋದರಮಾವನ ಮರ್ಯಾದೆ ನಿಮಗೆ, ರಟ್ಟೆ ನೋವು ನನಗೆ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ನನ್ನ ಕೈಯಲ್ಲೇ ಉಜ್ಜಿಸಿ ಸಾಗಿಸುವ ಯೋಚನೆ ಮಾಡಿದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಫೋನ್ ಮಾಡಿದಾಗ ನಿಮ್ಮ ಅಕ್ಕನವರಿಗೂ ನಮಸ್ಕಾರ ತಿಳಿಸಿ.

ಇಷ್ಟಾದರೂ ನಿಮ್ಮವಳೇ ಆದ,
ವಿಶಾಲಾಕ್ಷಿ

ಮತ್ತೆ, ಹೇಳುವುದು ಮರೆತೆ: ಕೀ ಕೊಡಲಿಲ್ಲ. ಜಗನ್‌ಗೆ ಉಪ್ಪಿಟ್ಟು ತಿನ್ನಿಸಿ, ಅದೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಸ್ಸು ಹತ್ತಿಸಿ ಬಂದೆ. ಮದುವೆಗೆ ನಾನು ಕಾರಿನಲ್ಲೇ ಬರುತ್ತೇನೆ. ನೀವು ರಾಯಚೂರಿನಿಂದ ಸೀದಾ ಚಿಂತಾಮಣಿಗೇ ಬಸ್ಸಿನಲ್ಲಿ ಹೋಗಿ. ಮೊದಲು ಮನೆಗೆ ಬಂದು, ಇಬ್ಬರೂ ಜೊತೆಗೆ ಹೋಗುವುದು ಈ ಸಲ ಬೇಡ.