ಸೈಡ್ ಅನ್ನಿ, ಸಾಕು

ನನ್ನ ಇವರಿಗೆ,

ಎದುರಿಗೆ ಕೂತು ಹೇಳಹೊರಟರೆ ಅರ್ಧ ಮಾತು ಮರೆತುಹೋಗುತ್ತದೆ. ಅದಕ್ಕೇ ಬರೆದಿಟ್ಟುಕೊಂಡು, ನಿಮ್ಮ ಮಂಚದ ಪಕ್ಕ ಕೂತು ಓದೋಣವೆಂದಿದ್ದೇನೆ. ನೀವು ಬಾಯಿ ಬಿಡದೆ ವಾರವಾಯಿತು. ಪೆರಂಬೂರಿನ ಈ ಮನೆಯಲ್ಲಿ ಇಷ್ಟು ಮೌನ ನಾನು ಕಂಡಿರಲಿಲ್ಲ. ಹೆದರಿಕೆಯಾಗುತ್ತದೆ.

ಲಕ್ವ ಹೊಡೆದ ಮೇಲೆ ನಿಮ್ಮ ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಸೈಡ್’. ದೇವರ ಹೆಸರು ಹೋಯಿತು, ನನ್ನ ಹೆಸರೂ ಹೋಯಿತು. ಹೆಸರು ಹಿಡಿದು ನೀವು ಕರೆದದ್ದೇ ಕಡಿಮೆ ಬಿಡಿ. ಪ್ಯಾರೀಸ್ ಕಾರ್ನರಿನ ಹೋಟೆಲಿನಲ್ಲಿ ಕುದಿಯುವ ಸಾಂಬಾರಿನ ಪಾತ್ರೆ ಎತ್ತಿಕೊಂಡು ಬರುವಾಗ, ಯಾರಿಗೂ ಸುಡಬಾರದೆಂದು ಜೀವಮಾನವಿಡೀ ಕೂಗಿದ ಮಾತು ಅದು. ಮನೆಯಲ್ಲೂ ಅದನ್ನು ಬಿಟ್ಟವರಲ್ಲ. ಊಟಕ್ಕೆ ಕೂತರೆ ಸೈಡಿಗೇನುಂಟು ಎನ್ನುತ್ತಿದ್ದಿರಿ, ಊರಿಗೆ ಹೊರಟರೆ ರೈಲಿನಲ್ಲಿ ಸೈಡ್ ಸೀಟೇ ಆಗಬೇಕಿತ್ತು, ಜಗಳವಾದರೆ ‘ನೀನು ಯಾವಾಗಲೂ ಮಗಳ ಸೈಡೇ’ ಎಂದು ಮುಖ ಊದಿಸಿಕೊಳ್ಳುತ್ತಿದ್ದಿರಿ.

ಮಲಗಿದ ಮೇಲೂ ಆ ಒಂದರಲ್ಲೇ ಸಂಸಾರ ನಡೆಸಿದಿರಿ. ಮೆಲ್ಲಗೆ ಅಂದರೆ ನೀರು, ಎಳೆದು ಅಂದರೆ ಮಗ್ಗುಲು ಬದಲಿಸಬೇಕು. ಸಾರಿಗೆ ಉಪ್ಪು ಕಮ್ಮಿಯಾದರೆ ಬೈಗುಳವೂ ಅದೇ. ಒಮ್ಮೆ ನನ್ನ ಕೈ ಹಿಡಿದುಕೊಂಡು ಅಂದಿರಿ. ಅದರ ಅರ್ಥ ನಾನು ಯಾರಿಗೂ ಹೇಳಿಲ್ಲ.

ಪ್ರಣಮ್ಯಾಳ ಮೇಲೆ ಕೋಪ ಬೇಡ. ಮಾತು ಕಲಿತಾಗಿನಿಂದ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಟ್ಟ ಹುಡುಗಿ, ನೀರಿನ ಲೋಟ ಹಿಡಿದು ನಿಮಗೆ ಕನ್ನಡ ಕಲಿಸಲು ಹೊರಟಳು.

‘ಅಪ್ಪಾ, ಸೈಡ್ ಬೇಡ. ನೀರ್ ಅಂತ ಹೇಳಿ, ಆಮೇಲೆ ಕೊಡ್ತೇನೆ.’

ಹಾಗೆ ಹಟ ಹಿಡಿದರೆ ಮಾತು ಬರುತ್ತದೆಂದು ಅವಳಿಗೆ ಯಾರೋ ಹೇಳಿದ್ದರಂತೆ. ಪಾಪ, ನೀವು ಬೆವರುವಷ್ಟು ಹೆಣಗಿದಿರಿ. ಬಂದದ್ದು ಮತ್ತೆ ಅದೇ. ಅವಳು ಲೋಟ ಹಿಂದಕ್ಕೆ ತೆಗೆದಳು, ನೀವು ಗೋಡೆಯ ಕಡೆ ಮುಖ ತಿರುಗಿಸಿದಿರಿ. ಅಂದಿನಿಂದ ಅದೂ ಇಲ್ಲ. ಅವಳೀಗ ಒಲೆಯ ಮುಂದೆ ನಿಂತು ಅಳುತ್ತಾಳೆ.

ನಿನ್ನೆ ಮೈ ಒರೆಸಲು ಬಿಸಿನೀರಿನ ಪಾತ್ರೆ ತರುವಾಗ ನಾನೇ ‘ಸೈಡ್’ ಎಂದುಬಿಟ್ಟೆ. ಗೋಡೆ ನೋಡುತ್ತಲೇ ನೀವು ಮಂಚದಾಚೆ ಚಾಚಿದ್ದ, ಸರಿಯಿರುವ ಕಾಲನ್ನು ಒಳಗೆ ಎಳೆದುಕೊಂಡಿರಿ. ನಾನು ನೋಡಿದೆ. ಆ ಮಾತು ಎಲ್ಲಿಗೂ ಹೋಗಿಲ್ಲ, ನೀವೇ ಬಾಯಿ ಕಟ್ಟಿಕೊಂಡಿದ್ದೀರಿ.

ನಿಮ್ಮ ಕಾಲಿಗೆ ಬೀಳುತ್ತೇನೆ, ಈ ಹಟ ಬಿಡಿ. ನಮಗೆ ಬೇರೆ ಮಾತು ಬೇಡವೇ ಬೇಡ. ಬೈಯುವುದಾದರೂ ಸರಿ, ನನ್ನನ್ನು ಆಚೆ ಹೋಗೆನ್ನುವುದಾದರೂ ಸರಿ, ಅದನ್ನೇ ಅನ್ನಿ. ನೀವೂ ಸುಮ್ಮನಾದರೆ ಈ ತಮಿಳರ ಊರಲ್ಲಿ ನಾನು ಯಾರ ಜೊತೆ ಜಗಳವಾಡಲಿ?

ಕೃಷ್ಣ ನಿಮ್ಮ ನಾಲಿಗೆಯನ್ನು ಕಾಯಲಿ.

ಕರೆದರೆ ಕೇಳಿಸಲಿ ಎಂದು ಮಿಕ್ಸಿಯನ್ನೂ ಹಾಕದೆ ಕೂತಿರುವ,
ನಿಮ್ಮ ಸುಗುಣಾ