ಉಗ್ರಾಣವೆಂದು ಬರೆದ ಕೋಣೆ

ಹಳೇ ಪೇಟೆ ಬೀದಿ, ಕೊಪ್ಪ
12 ಫೆಬ್ರವರಿ 2024, ಸೋಮವಾರ

ಪ್ರೀತಿಯ ಅಣ್ಣನಿಗೆ ಶರ್ಮಿಳಾ ಮಾಡುವ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಗೆ ಶೀತ ಬಿಟ್ಟಿತೇ? ಹಾಸನದಲ್ಲಿ ಬೆಳಗಿನ ಚಳಿ ಇನ್ನೂ ಇದೆಯಂತೆ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ವಾಕಿಂಗ್ ಹೋಗು. ನಾನು ಚೆನ್ನಾಗಿದ್ದೇನೆ. ಮದುವೆಯ ಕಾಲ, ರವಿಕೆ ಹೊಲಿಗೆ ಕೈತುಂಬ ಇದೆ. ಅಪ್ಪ ಹೋಗಿ ಮೂರು ತಿಂಗಳಾಯಿತು. ಅವರ ಕೆಮ್ಮು ಇಲ್ಲದ್ದರಿಂದ ಹೊಲಿಗೆ ಮಿಷನ್ನಿನ ಸದ್ದು ಮನೆಗೆಲ್ಲ ದೊಡ್ಡದಾಗಿ ಕೇಳುತ್ತದೆ. ಒಮ್ಮೊಮ್ಮೆ ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಮೊದಲು ಡೈರಿಯಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ, ಈಗ ಪುಟ ಸಾಲುತ್ತಿಲ್ಲ.

ಹೋದ ತಿಂಗಳು ಲೈನಿಂಗ್ ಬಟ್ಟೆ ತರಲು ಬಾಳೆಹೊನ್ನೂರಿಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಜಗುಲಿಯ ಕಂಬಗಳ ಮೇಲೆ, ನಡುಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು, ಅಂಕಿ. ಬೀಗ ಮಾತ್ರ ಹಾಕಿದ್ದು ಹಾಕಿದಂತೇ ಇತ್ತು. ಇನ್ನೊಂದು ಬೀಗದ ಕೈ ಇರುವುದು ಪಕ್ಕದ ಮನೆಯ ರಘುಪತಿ ಮಾವನ ಹತ್ತಿರ. ಕೇಳಿದ್ದಕ್ಕೆ ಯಾರೋ ಸರ್ವೆಯವರು ಬಂದಿರಬಹುದು ಎಂದು ಪೇಪರಿನೊಳಗೆ ಮುಖ ಇಟ್ಟರು. ಅವರೇ ಬೀದಿ ಸಮಿತಿಯ ಅಧ್ಯಕ್ಷರು, ಗೊತ್ತಲ್ಲ. ನಮ್ಮದು ಪಾರಂಪರಿಕ ಬೀದಿಯಾದ ಮೇಲೆ ನಾಲ್ಕು ಹಂಚು ಬದಲಿಸಬೇಕಾದರೂ ಸಮಿತಿ ಒಪ್ಪಬೇಕು. ಅಪ್ಪ ಮನೆಯೊಳಗೊಂದು ಬಚ್ಚಲು ಕಟ್ಟಿಸಲು ಅರ್ಜಿ ಕೊಟ್ಟಾಗ ಇದೇ ಮಾವ ಹತ್ತು ತಿಂಗಳು ಸತಾಯಿಸಿದರು. ಕೊನೆಯ ವಾರದಲ್ಲೂ ನಾನು ಅಪ್ಪನನ್ನು ಹಿತ್ತಲು ದಾಟಿಸಿ ನಡೆಸಿಕೊಂಡು ಹೋಗಬೇಕಾಯಿತು.

ಮೊನ್ನೆ ಶುಕ್ರವಾರ ಪಟ್ಟಣ ಪಂಚಾಯಿತಿ ಕಚೇರಿಯವರು ನಮ್ಮ ಬಾಗಿಲಿಗೇ ನೋಟೀಸು ಅಂಟಿಸಿದರು. ಜಗುಲಿ ಇದ್ದ ಹಾಗೇ ಇಟ್ಟುಕೊಂಡು ಹಿಂದಕ್ಕೆ ಎರಡು ಅಂತಸ್ತು, ಐದು ಕೋಣೆಯ ಹೋಂಸ್ಟೇ. ಸಮಿತಿ ಮೂರೇ ವಾರದಲ್ಲಿ ಒಪ್ಪಿದೆ. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಕೊಡಬೇಕು. ಅರ್ಜಿದಾರನೆಂದು ನಿನ್ನ ಹೆಸರಿದೆ. ಜೊತೆಗಿದ್ದ ನಕ್ಷೆಯನ್ನು ಮೂರು ಸಲ ನೋಡಿದೆ. ಇಪ್ಪತ್ತೆರಡು ವರ್ಷದಿಂದ ನಾನು ಮಲಗುವ ಕೋಣೆಗೆ ಉಗ್ರಾಣ ಎಂದು ಬರೆದಿದ್ದಾರೆ. ಹೊಸ ಐದು ಕೋಣೆಗಳಿಗೂ ಅತಿಥಿ ಎಂದಿದೆ. ನನ್ನ ಮಂಚ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ.

ನೀನು ಇದನ್ನು ಮಾಡಿದ್ದೀಯೆಂದು ನಾನು ನಂಬಲಿಲ್ಲ. ಹದಿಮೂರನೆಯ ದಿನ ನೀನೇ ಹೇಳಿದ್ದೆಯಲ್ಲ, "ವರ್ಷಾಂತಿಕ ಆಗೋವರೆಗೆ ಈ ಮನೇಲಿ ಒಂದು ಮೊಳೆನೂ ಹೊಡಿಬಾರ್ದು" ಅಂತ. ಅದಕ್ಕೇ ಅಪ್ಪನ ಫೋಟೋ ಇನ್ನೂ ಬೆಂಚಿನ ಮೇಲೆ ಗೋಡೆಗೆ ಒರಗಿದೆ. ಅಂಥವನು ವರ್ಷ ಕಳೆಯುವ ಮೊದಲೇ ಗೋಡೆ ಒಡೆಯಲು ಅರ್ಜಿ ಕೊಡುತ್ತಾನೆಯೇ? ಮಾವನೇ ನಿನ್ನ ಹೆಸರಿನಲ್ಲಿ ಏನೋ ನಡೆಸಿದ್ದಾರೆ ಎಂದುಕೊಂಡು ಹೋಗಿ ಕೇಳಿಯೇಬಿಟ್ಟೆ. "ಎಂತ ಮಾರಾಯ್ತಿ, ನಿನ್ನ ಕೇಳ್ದೆ ಅವ್ನು ಮಾಡ್ತಾನಾ? ತಂಗಿ ಒಪ್ಪಿದಾಳೆ ಅಂದ. ಅಲ್ದೆ ನಿಂಗೊಬ್ಳಿಗೆ ಅಷ್ಟು ದೊಡ್ಡ ಮನೆ ಎಂತಕ್ಕೆ?" ಎಂದರು. ನಕ್ಷೆ ಬರೆದ ಯೋಗೇಶನಿಗೆ ಫೋನು ಮಾಡಿದೆ. "ಮಂಚ, ನಿಮ್ಮ ಸೀರೆ ಎಲ್ಲಾ ಕಂಡಿದ್ದೆ ಅಕ್ಕ. ಹೇಳ್ದಂಗೆ ಬರೀಬೇಕಲ್ಲ" ಎಂದ. ಹೇಳಿದವರು ಯಾರೆಂದರೆ, ಗಾಡಿ ಓಡಿಸುತ್ತಿದ್ದೇನೆ ಎಂದು ಫೋನು ಇಟ್ಟ.

ನನಗೆ ಇಬ್ಬರ ಮೇಲೂ ನಂಬಿಕೆಯಿಲ್ಲ. ಒಬ್ಬರ ಸಹಿ ಇನ್ನೊಬ್ಬರು ಹಾಕುವುದು ಎಷ್ಟರ ಕೆಲಸ? ಏಳನೇ ಕ್ಲಾಸಿನಲ್ಲಿ ನನ್ನ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಕೊಟ್ಟು ನನ್ನನ್ನು ಉಳಿಸಿದವನು ನೀನೇ. ಫೋನಿನಲ್ಲಿ ಕೇಳಿದರೆ ಜಗಳದಂತೆ ಕೇಳಿಸುತ್ತದೆ ಎಂದು ಬರೆಯುತ್ತಿದ್ದೇನೆ. ಇದು ನಾನು ಕೊಟ್ಟ ಅರ್ಜಿಯಲ್ಲ ಎಂದು ಒಂದು ಸಾಲು ಬರೆದು ಕಳಿಸು. ಕಚೇರಿಯಲ್ಲಿ ತೋರಿಸಿ ಬರುತ್ತೇನೆ.

ಮಗಳಿಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆಯಲೆಂದು ಅತ್ತೆ ಹರಸಿದಳೆಂದು ಹೇಳು. ಅತ್ತಿಗೆಗೆ ನನ್ನ ನೆನಪುಗಳು.

ನಿನ್ನ ಒಂದು ಸಾಲಿಗೆ ಕಾಯುವ ತಂಗಿ,
ಶರ್ಮಿಳಾ

ಮತ್ತೆ: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಪೋಸ್ಟಿಗೆ ಹಾಕುವ ಮೊದಲು ಕಚೇರಿಗೆ ಬಂದು ಅರ್ಜಿ ತೋರಿಸಲು ಕೇಳಿದೆ. ಇಲ್ಲೇ ಬೆಂಚಿನ ಮೇಲೆ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ. ಅರ್ಜಿಯ ಅಕ್ಷರ ನಿನ್ನದೇ. ಜೊತೆಗಿರುವ ಅಪ್ಪನ ಮರಣ ಪ್ರಮಾಣಪತ್ರ, ನಾನು ನಿನ್ನೊಬ್ಬನ ಕೈಗೇ ಕೊಟ್ಟ ಪ್ರತಿ. ಮನೆಯಲ್ಲಿ ಈಗ ವಾಸವಿರುವವರು ಎಂಬಲ್ಲಿ ಯಾರೂ ಇಲ್ಲ ಎಂದು ಬರೆದಿದ್ದೀಯ. ನಾನು ಆಕ್ಷೇಪಣೆ ಕೊಟ್ಟೆ. ಕಾರಣದ ಜಾಗದಲ್ಲಿ, ನಾನು ಆ ಮನೆಯಲ್ಲಿ ಇದ್ದೇನೆ ಎಂದಷ್ಟೇ ಬರೆದೆ. ಗುಮಾಸ್ತೆ ರಶ್ಮಿ ಓದಿ, "ಅರ್ಜಿದಾರರು ನಿಮ್ಗೆ ಎಂತ ಆಗ್ಬೇಕು ಅಕ್ಕ?" ಎಂದಳು. ಹೇಳಿದೆ. ಅವಳು ಸೀಲು ಒತ್ತಿದಳು. ವಿಚಾರಣೆ ಇಪ್ಪತ್ತಾರಕ್ಕೆ, ಹನ್ನೊಂದು ಗಂಟೆಗೆ, ಇಬ್ಬರೂ ಎದುರೆದುರು ಇರಬೇಕಂತೆ. ಆ ಮನೆಯಲ್ಲಿ ಯಾರೂ ಇಲ್ಲವೆಂದು ಅವತ್ತು ನನ್ನ ಮುಖ ನೋಡಿ ಹೇಳು.