ಕಸದ ಬುಟ್ಟಿಯಲ್ಲಿದ್ದ ಎಂಟು ನಿಮಿಷ

ಮಂಗಳವಾರ, ಹತ್ತೊಂಬತ್ತನೇ ತಾರೀಖು

ತಮ್ಮನಿಗೆ,

ಮೊದಲು 'ಪ್ರೀತಿಯ' ಅಂತ ಸೇರಿಸಿ ಬರೆದಿದ್ದೆ. ಕೈ ಒಪ್ಪಲಿಲ್ಲ, ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ನೀನೂ ನಿನ್ನ ಹೆಂಡತಿಯೂ ಕ್ಷೇಮವಾಗಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ನಾವಿಲ್ಲಿ ಇದ್ದೇವೆ. ಅಪ್ಪನ ಹುಟ್ಟುಹಬ್ಬದ ಊಟ ಮುಗಿಸಿ ನೀವು ಹೊರಟುಹೋದ ಮೇಲೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಬೇಕು, ಕೇಳಿದ್ದೇನೆ ಅಂದುಕೋ. ಫೋನ್ ಮಾಡಿದರೆ ನೀನು ಎರಡನೇ ಮಾತಿಗೇ "ಅಕ್ಕಾ, ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಅಂತೀಯ. ನಾನು ಫೋನ್ ಮಾಡಿದಾಗಲೆಲ್ಲ ನಿನ್ನ ಹಾಸಿಗೆ ಅಂಗಡಿಗೆ ಗಿರಾಕಿ ಬರುವುದು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಊರಿಗೆ ಊರೇ ನಿನ್ನ ಹಾಸಿಗೆಯ ಮೇಲೆ ಮಲಗಿರಬೇಕಿತ್ತು. ಕಾಗದಕ್ಕೆ ಗಿರಾಕಿಯ ಕಾಟವಿಲ್ಲ. ಕೂತು ಪೂರ್ತಿ ಓದು.

ಕಂಪ್ಯೂಟರ್ ನಿನ್ನೆ ಸಂಜೆ ರಿಪೇರಿ ಅಂಗಡಿಯಿಂದ ವಾಪಸ್ ಬಂತು. ಅಮ್ಮನ ವಿಡಿಯೋ ಹೋಯಿತು. ಸಿಗುವುದಿಲ್ಲವಂತೆ.

ಯಾವ ವಿಡಿಯೋ ಅಂತ ಕಣ್ಣು ಬಿಡಬೇಡ. ಏಳು ವರ್ಷದ ಹಿಂದೆ, ಅಪ್ಪನ ಹುಟ್ಟುಹಬ್ಬಕ್ಕೆ ನಾವು ನಾಲ್ಕು ಜನ ಅದೇ ಹೋಟೆಲಿನಲ್ಲಿ, ಅದೇ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದೆವಲ್ಲ, ಆವತ್ತಿನದು. ಅಮ್ಮ ನಮ್ಮ ಜೊತೆ ಹೊರಗೆ ಊಟ ಮಾಡಿದ್ದು ಅದೇ ಕೊನೆ. ಎಂಟು ನಿಮಿಷ. ಅವಳು ಮಾತಾಡುವುದು, ಸೂಪು ಬಿಸಿಯಾಯಿತೆಂದು ಬೈಯುವುದು, ಎಲ್ಲ ಅದರಲ್ಲಿತ್ತು. ಅವಳ ದನಿ ಉಳಿದಿದ್ದು ಅದೊಂದರಲ್ಲೇ.

ಈ ಸಲ ನಡೆದದ್ದನ್ನು ನೆನಪು ಮಾಡಿಕೊಡುತ್ತೇನೆ. ಶನಿವಾರ ರಾತ್ರಿ ಊಟದ ವಿಡಿಯೋ ನೀನು ನಿನ್ನ ಫೋನಿನಲ್ಲಿ ನನ್ನ ಕೈಯಿಂದಲೇ ಮಾಡಿಸಿದೆ. ಭಾನುವಾರ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನೀನೇ ಅದನ್ನು ಕಂಪ್ಯೂಟರಿಗೆ ಹಾಕಲು ಹೋದೆ. ನಾನು ಸ್ನಾನಕ್ಕೆ ಹೋಗಿದ್ದೆ. "ಅಕ್ಕಾ, ಜಾಗ ಇಲ್ಲ ಅಂತಿದೆ!" ಅಂತ ಕೂಗಿದೆ. "ಏನೂ ಮುಟ್ಟಬೇಡ, ಎರಡೇ ನಿಮಿಷ, ಬಂದೆ" ಅಂತ ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ. ತಲೆ ಒರೆಸಿಕೊಳ್ಳುತ್ತ ಬಂದರೆ ನೀನು ಗೆದ್ದವನ ಹಾಗೆ ಕುರ್ಚಿಯಲ್ಲಿ ತಿರುಗುತ್ತಿದ್ದೆ. "ಕಸದ ಬುಟ್ಟಿ ತುಂಬಿ ತುಳುಕ್ತಿತ್ತು ಕಣೇ, ಖಾಲಿ ಮಾಡ್ದೆ. ನೋಡು ಈಗ ಹೆಂಗೆ ಓಡುತ್ತೆ!"

ಅಪ್ಪ ಬೇಕಾದದ್ದನ್ನೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲೇ ಇಡುತ್ತಾರೆಂದು ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಗೊತ್ತಾಗಬೇಕಾದರೆ ವರ್ಷಕ್ಕೊಂದು ಊಟಕ್ಕಲ್ಲದೆ ಬೇರೆ ದಿನವೂ ಈ ಮನೆಗೆ ಬರಬೇಕು. ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಬೀಗ ಕಾದ ಮನುಷ್ಯ ಅವರು. ಎರಡನೇ ಬೀಗದ ಕೈಯನ್ನು ಎಣ್ಣೆ ಒರೆಸಿದ ಚಿಂದಿ ಬಟ್ಟೆಯ ಡಬ್ಬದಲ್ಲೇ ಇಡುತ್ತಿದ್ದರು. "ಕಳ್ಳ ಬೀರುಗೆ ಕೈ ಹಾಕ್ತಾನೆ, ಕಸಕ್ಕೆ ಯಾವನು ಹಾಕ್ತಾನೆ?" ಅಂತ ಅವರ ಮಾತು. ಆ ಬುದ್ಧಿಯನ್ನೇ ಕಂಪ್ಯೂಟರಿಗೂ ತಂದರು. ನೋಡಬೇಕೆನಿಸಿದಾಗ ಅಮ್ಮನನ್ನು ಬುಟ್ಟಿಯಿಂದ ಎತ್ತಿಕೊಳ್ಳುವರು, ನೋಡುವರು, ಕನ್ನಡಕ ಒರೆಸಿಕೊಂಡು ಮತ್ತೆ ಬುಟ್ಟಿಗೆ ಹಾಕುವರು. ನಾನು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. "ಇಷ್ಟು ವರ್ಷ ಏನಾದ್ರೂ ಕಳೆದಿದ್ಯಾ?" ಅಂದರು. ಕಳೆದಿರಲಿಲ್ಲ. ಕಳ್ಳರ ಲೆಕ್ಕ ಹಾಕಿದ್ದರೇ ಹೊರತು ಮಗನ ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ಕಡೆ ಯಾಕೆ ಇಡಲಿಲ್ಲ ಅಂತ ನನ್ನನ್ನು ಕೇಳಬೇಡ. ಇಟ್ಟಿದ್ದೆ. ಕೆಂಪು ಪೆನ್ ಡ್ರೈವಿನಲ್ಲಿ. ಹೋದ ವರ್ಷದ ಊಟಕ್ಕೆ ಬಂದಾಗ "ಅಕ್ಕಾ, ಎರಡು ದಿನಕ್ಕೆ ಕೊಡೇ" ಅಂತ ಮೇಜಿನ ಡ್ರಾಯರಿನಿಂದ ಎತ್ತಿಕೊಂಡು ಹೋದದ್ದು ನೀನು. ನಾಲ್ಕು ತಿಂಗಳಾದ ಮೇಲೆ ಬಂತು, ಅಮ್ಮನನ್ನು ಅಳಿಸಿ ತುಂಬ ಹೊಡೆದಾಟದ ಸಿನಿಮಾಗಳು. ಆಗಲೂ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ದಿನವಿಡೀ ಹಲ್ಲಿನ ಲ್ಯಾಬಿನಲ್ಲಿ ಕಂಡವರಿಗೆಲ್ಲ ಕಟ್ಟುವ ಹಲ್ಲು ಉಜ್ಜುತ್ತೇನೆ. ನನ್ನ ಹಲ್ಲು ಮಾತ್ರ ನಿನ್ನ ಹೆಸರಿನಲ್ಲಿ ಸವೆಯುತ್ತಿದೆ.

ರಿಪೇರಿಯವನು ಹನ್ನೊಂದು ದಿನ ಇಟ್ಟುಕೊಂಡ. ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಮೇಡಂ, ಬುಟ್ಟಿ ಖಾಲಿ ಮಾಡಿ ಹಾಗೇ ಬಿಟ್ಟಿದ್ರೆ ಏನಾದ್ರೂ ಮಾಡಿ ತೆಗೀಬಹುದಿತ್ತು. ಅದೇ ಜಾಗದ ಮೇಲೆ ಆಮೇಲೆ ದೊಡ್ಡ ವಿಡಿಯೋ ಒಂದನ್ನ ತುಂಬಿಬಿಟ್ಟಿದ್ದಾರೆ" ಅಂದ. ಆ ದೊಡ್ಡ ವಿಡಿಯೋ ಯಾವುದು ಗೊತ್ತಲ್ಲ? ನಲವತ್ತಾರು ನಿಮಿಷ. ಅದರಲ್ಲಿ ಇಪ್ಪತ್ತು ನಿಮಿಷ ನೀನು ನಿಂತು ಭಾಷಣ ಬಿಗಿದಿದ್ದೀಯ. ಅಮ್ಮನ ಜಾಗದಲ್ಲಿ ಈಗ ನೀನು ಕೂತಿದ್ದೀಯ, ಮೀನು ಅಗಿಯುತ್ತಾ.

ಆ ಊಟದ ವಿಷಯವನ್ನೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಹುಣ್ಣಾಗುತ್ತದೆ. ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಎಲ್ಲರಿಗೂ ಆರ್ಡರ್ ಕೊಡಬೇಕು, ಉಳಿದವರು ತಕರಾರಿಲ್ಲದೆ ತಿನ್ನಬೇಕು. ಅಮ್ಮ ಮಾಡಿದ ಪದ್ಧತಿ. ಅಪ್ಪ ಮೆನು ಕಾರ್ಡ್ ಹಿಡಿದು ಕನ್ನಡಕ ಹುಡುಕುವಷ್ಟರಲ್ಲಿ ನೀನು ಕಿತ್ತುಕೊಂಡು "ನಾನು ಹೇಳ್ತೀನಿ ಬಿಡಪ್ಪ" ಅಂದೆ. ಎಪ್ಪತ್ತು ತುಂಬಿದವರ ಕೈಯಿಂದ! ಅವರು ನಕ್ಕರು. ನೀನು ಏನು ಮಾಡಿದರೂ ನಗುತ್ತಾರೆ. ನಿನಗೆ ನಲವತ್ತಾಯಿತು, ಅವರ ಬಾಯಲ್ಲಿ ಇನ್ನೂ 'ಮರಿ'. ನಿನ್ನ ಹೆಂಡತಿಯೊಬ್ಬಳೇ ನನ್ನ ಕಡೆ ತಿರುಗಿ "ಅತ್ತಿಗೆ, ನೀವೂ ಕೂತ್ಕೊಳ್ಳಿ, ಎಷ್ಟೊತ್ತು ಫೋನ್ ಹಿಡ್ಕೊಂಡು ನಿಂತಿರ್ತೀರಿ" ಅಂದಳು. ಪರವಾಗಿಲ್ಲ ಅಂದೆ. ಮೇಣದ ಬತ್ತಿ ಆರಿದ ಮೇಲೆ ಚಪ್ಪಾಳೆ ತಟ್ಟಬೇಕಿತ್ತು, ಒಂದು ಕೈಯಲ್ಲಿ ಫೋನಿತ್ತು, ಇನ್ನೊಂದರಿಂದ ತೊಡೆ ತಟ್ಟಿದೆ.

ಅಪ್ಪನಿಗೆ ನಿನ್ನೆ ಹೇಳಿದೆ. ಹನ್ನೊಂದು ದಿನವೂ "ರಿಪೇರಿ ಆಯ್ತೇನಮ್ಮ?" ಅಂತ ಕೇಳುತ್ತಿದ್ದವರಿಗೆ ಇನ್ನೆಷ್ಟು ಸುಳ್ಳು ಹೇಳಲಿ? ಹೋಯಿತು ಅಂದೆ. ಬಹಳ ಹೊತ್ತು ಖಾಲಿ ಬುಟ್ಟಿಯ ಚಿತ್ರವನ್ನೇ ನೋಡುತ್ತಾ ಕೂತರು. ಯಾರು ಮಾಡಿದ್ದು ಅಂತ ಕೇಳಿದರು, ನಿನ್ನ ಹೆಸರು ಹೇಳಿದೆ. ಏನಂದರು ಗೊತ್ತೇನೋ? "ಮರಿಗೆ ಏನೂ ಅನ್ಬೇಡ, ಪಾಪ, ನೊಂದ್ಕೋತಾನೆ." ಆಮೇಲೆ ಎದ್ದು ಬಚ್ಚಲಿಗೆ ಹೋಗುತ್ತಾ ಅಂದರು, "ಮನೇಲಿದ್ದವಳು ನೀನು. ನೀನು ನೋಡ್ಕೋಬೇಕಿತ್ತು."

ಕೇಳಿದೆಯಾ? ಮಾಡಿದವನು ಪಾಪ, ಮನೆಯಲ್ಲಿದ್ದವಳು ತಪ್ಪಿತಸ್ಥೆ.

ಇನ್ನು ಮುಖ್ಯ ಮಾತು. ಆ ಎಂಟು ನಿಮಿಷ ಹಿಡಿದವನು ನೀನೇ, ನಿನ್ನ ಆ ಗಾಜು ಬಿರುಕುಬಿಟ್ಟ ಹಳೇ ಫೋನಿನಲ್ಲಿ. ಆ ಫೋನ್ ನಿನ್ನ ಮನೆಯಲ್ಲಿ ಎಲ್ಲೋ ಇರಲೇಬೇಕು. ಬಿಸಾಡುವ ಅಭ್ಯಾಸ ನಿನಗಿಲ್ಲ, ಬೇರೆಯವರದ್ದನ್ನು ಬಿಟ್ಟು. ಅಟ್ಟ ಹತ್ತು, ಪೆಟ್ಟಿಗೆ ಇಳಿಸು, ಸೋಫಾದ ಹೊಟ್ಟೆ ಬಗೆ. ಸಿಕ್ಕರೆ ನೀನಾಗಿ ಚಾರ್ಜ್ ಮಾಡಲು ಹೋಗಬೇಡ, ಗುಂಡಿ ಒತ್ತಬೇಡ, ನಿನ್ನ ಬುದ್ಧಿವಂತಿಕೆ ತೋರಿಸಬೇಡ. ಹಾಗೇ ತಂದು ರಿಪೇರಿಯವನ ಕೈಗೆ ಕೊಡು. ನನಗಾಗಿ ಅಲ್ಲ, ಅಪ್ಪನಿಗಾಗಿ.

ನಿನ್ನ ಹೆಂಡತಿಗೆ ನನ್ನ ನೆನಕೆ ತಿಳಿಸು. ನಿನಗೂ ಆಯಸ್ಸು, ಆರೋಗ್ಯ ಇರಲಿ. ದೊಡ್ಡವಳಾಗಿ ಹುಟ್ಟಿದ ಮೇಲೆ ಹರಸದೆ ವಿಧಿಯಿಲ್ಲ.

ನಿನ್ನ ಅಕ್ಕ

ಮರೆತಿದ್ದೆ: ಅಪ್ಪನಿಗಾಗಿ ಅಂತ ಮೇಲೆ ಬರೆದದ್ದು ಸುಳ್ಳು. ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ವಿಡಿಯೋದಲ್ಲಿ ನಾಲ್ಕನೇ ನಿಮಿಷಕ್ಕೆ ಅಮ್ಮ ಅಪ್ಪನ ಕೈಯಿಂದ ಮೆನು ಕಾರ್ಡ್ ತೆಗೆದುಕೊಂಡು ನನ್ನ ಮುಂದಿಡುತ್ತಾಳೆ. "ಇವತ್ತು ಇವಳೂ ಹುಟ್ಟಿದ ದಿನ ಕಣ್ರೋ, ಅಪ್ಪ ಮಗನಿಗೆ ಒಂದ್ಸಲನಾದ್ರೂ ನೆನಪಾಗುತ್ತಾ? ಹೇಳು ಮಗಳೇ, ಇವತ್ತು ನೀನು ಹೇಳಿದ್ದೇ ಊಟ" ಅಂತಾಳೆ. ನಾನು ಮೊದಲು ಐಸ್‌ಕ್ರೀಮು, ಆಮೇಲೆ ಸೂಪು ಅನ್ನುತ್ತೇನೆ. ನೀನು ಫೋನ್ ಹಿಡಿದುಕೊಂಡು ನಗುವುದು ಕೇಳಿಸುತ್ತದೆ. ಈ ಎರಡನೇ ತಾರೀಖು, ನೀನು ಭಾಷಣ ಮಾಡುತ್ತಿದ್ದಾಗ, ನನಗೆ ನಲವತ್ತನಾಲ್ಕು ತುಂಬಿತು. ನಿನಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ಹೋದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವವರು ಕಸದ ಬುಟ್ಟಿಯಲ್ಲೊಬ್ಬರೇ ಇದ್ದರು. ಆ ಫೋನ್ ಹುಡುಕೋ.